ಇಂದಿನ ಧಮ್ಮ ಚಿಂತನೆ: ಕೆಮ್ಮು, ಕರ್ಮ ಮತ್ತು ಕಾರಣ





ಅಂಗುತ್ತರ ನಿಕಾಯದಲ್ಲಿ ಗಿರಿಮಾನಂದ ಸುತ್ತ ಎಂದೊಂದು ಇದೆ. ಗಿರಿಮಾನಂದ ಎಂಬ ಭಿಕ್ಖು ಕಾಯಿಲೆ ಬಿದ್ದಿದ್ದಾರೆ. ಆನಂದರು ಬಂದು ಬುದ್ಧರಿಗೆ ವಿಷಯ ತಿಳಿಸಿ, ತಾವೊಮ್ಮೆ ಹೋಗಿ ನೋಡಬೇಕು ಎಂದು ಕೇಳುತ್ತಾರೆ. ಆಗ ಬುದ್ಧರು ಹತ್ತು ವಿಷಯಗಳನ್ನು ಆನಂದರಿಗೆ ಹೇಳಿಕೊಟ್ಟು, ಇವನ್ನು ಅವರ ಬಳಿ ಕೂತು ಹೇಳು ಎಂದು ಕಳಿಸುತ್ತಾರೆ. ಆ ಹತ್ತರಲ್ಲಿ ಒಂದು ಕಡೆ ಮನುಷ್ಯ ದೇಹಕ್ಕೆ ಬರುವ ಕಾಯಿಲೆಗಳ ದೊಡ್ಡ ಪಟ್ಟಿಯೇ ಇದೆ. ಕಣ್ಣು, ಕಿವಿ, ಹಲ್ಲು ಎಂದು ಹೋಗುತ್ತಾ ನಡುವೆ ಮೂರು ಹೆಸರು ಬರುತ್ತವೆ: ಕಾಸ, ಸಾಸ, ಪಿನಾಸ.

ಕನ್ನಡ ಎಂ.ಎ. ಓದಿದ ನನ್ನಂಥವಳಿಗೆ ಇದನ್ನು ಬಿಡಿಸಲು ನಿಘಂಟು ಬೇಕಾಗಲಿಲ್ಲ. ಕಾಸ, ಶ್ವಾಸ, ಪೀನಸ. ಕೆಮ್ಮು, ಉಬ್ಬಸ, ನೆಗಡಿ. ನಮ್ಮ ಕೋಲಾರದ ಮನೆಗಳ ಭಾಷೆಯಲ್ಲಿ ಹೇಳುವುದಾದರೆ ತೆಲುಗಿನ ದಗ್ಗು, ಕೆ.ಜಿ.ಎಫ್. ತಮಿಳಿನ ಇರುಮಲ್. ಎರಡೂವರೆ ಸಾವಿರ ವರ್ಷದ ಹಿಂದೆಯೂ ಜನ ಚಳಿಗಾಲದ ರಾತ್ರಿ ಎದ್ದು ಕೂತು ಕೆಮ್ಮುತ್ತಿದ್ದರು. ಅದನ್ನು ಬುದ್ಧರು ಹೆಸರು ಹಿಡಿದು ಹೇಳಿದರು ಎಂಬುದೇ ನನಗೆ ಒಂದು ಸಮಾಧಾನ.

ಈ ವಿಷಯ ಇವತ್ತು ಏಕೆ ಎತ್ತಿಕೊಂಡೆ ಎಂದರೆ, ನಮ್ಮ ಬಳಗದ ಹಲವರು ಫೋನ್ ಮಾಡಿ ನನ್ನ ಆರೋಗ್ಯ ವಿಚಾರಿಸುತ್ತಿದ್ದೀರಿ. ಎಲ್ಲರಿಗೂ ಒಟ್ಟಿಗೆ ಹೇಳಿಬಿಡುತ್ತೇನೆ. ನನಗೆ ಇದು ಸತತ ಮೂರನೇ ಚಳಿಗಾಲ. ಮಂಜು ಬೀಳಲು ಶುರುವಾದರೆ ಸಾಕು, ಮೊದಲು ಗಂಟಲು ಕೆರೆತ, ವಾರದೊಳಗೆ ಅದು ಎದೆಗೆ ಇಳಿಯುತ್ತದೆ. ಹಳದಿ ಕಫ, ಮಲಗಿದರೆ ಎದೆಯಲ್ಲಿ ಕುಯ್ ಕುಯ್ ಸದ್ದು. ಡಾಕ್ಟರು ಬ್ರಾಂಕೈಟಿಸ್ ಎನ್ನುತ್ತಾರೆ. ಔಷಧಿ ತೆಗೆದುಕೊಂಡರೆ ತಿಂಗಳಲ್ಲಿ ಇಳಿಯುತ್ತದೆ, ಮತ್ತೆ ಬರುತ್ತದೆ. ಎಂಟನೇ ತರಗತಿಯಲ್ಲಿ ವ್ಯಾಕರಣ ಹೇಳುತ್ತಿರುವಾಗ ಕೆಮ್ಮು ಹತ್ತಿದರೆ ಮುಂದಿನ ಬೆಂಚಿನ ಹುಡುಗಿ ಕೇಳದೆಯೇ ನೀರಿನ ಬಾಟಲಿ ತಂದಿಡುತ್ತಾಳೆ. ಸಂಧಿ ಸಮಾಸಗಳಿಗಿಂತ ಮೊದಲು ಆ ಮಗು ಕರುಣೆ ಕಲಿತಿದೆ.

ಕೆಮ್ಮು ಹೇಗೋ ಸಹಿಸಬಹುದು. ರಾತ್ರಿ ಎರಡು ಗಂಟೆಗೆ ಬರುವ ಯೋಚನೆ ಇದೆಯಲ್ಲ, ಅದು ಕಷ್ಟ. ಇದು ಬರೀ ಬ್ರಾಂಕೈಟಿಸ್ ಹೌದೋ ಅಲ್ಲವೋ? ಟಿ.ಬಿ. ಇರಬಹುದೇ? ಕ್ಯಾನ್ಸರ್? ನಮ್ಮ ತಾತನಿಗೆ ಆಗಿದ್ದು ನನಗೂ ಆಗುತ್ತಿದೆಯೇ? ಬುದ್ಧರು ಎರಡು ಬಾಣಗಳ ಹೋಲಿಕೆ ಕೊಟ್ಟಿದ್ದು ನಿಮಗೆಲ್ಲ ಗೊತ್ತು, ನಾವು ಅದನ್ನು ಅಧ್ಯಯನ ಮಾಡಿದ್ದೇವೆ. ಮೊದಲ ಬಾಣ ಎದೆಯಲ್ಲಿನ ಕಫ. ಎರಡನೆಯದು ನಡುರಾತ್ರಿ ಮೊಬೈಲ್ ಹಿಡಿದು ಹುಡುಕುವುದು.

ಆದರೆ ಮೂರನೇ ಬಾಣವೂ ಒಂದಿದೆ ಎಂದು ಈಚೆಗೆ ತಿಳಿಯಿತು. ಅದನ್ನು ಹೊಡೆಯುವವರು ಬೇರೆಯವರು. ಹಿಂದಿನ ತಿಂಗಳು ಒಂದು ಮದುವೆ ಮನೆಯಲ್ಲಿ ನೆಂಟರೊಬ್ಬರು ನನ್ನ ಕೆಮ್ಮು ಕೇಳಿ, ಏನು ಮಾಡೋದಮ್ಮ, ಪೂರ್ವಜನ್ಮದ್ದು, ಅನುಭವಿಸಲೇಬೇಕು ಅಂದರು. ಅವರ ಮನೆಯ ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ ಇದೆ, ಪಕ್ಕದಲ್ಲೇ ಬುದ್ಧರದ್ದೂ ಇದೆ. ಫೋಟೋ ಬದಲಾಗಿದೆ, ಬಾಯಿಗೆ ಬರುವ ಮಾತು ಇನ್ನೂ ಹಳೆಯದೇ.

ಬುದ್ಧರಿಗೇ ಈ ಪ್ರಶ್ನೆಯನ್ನು ನೇರವಾಗಿ ಕೇಳಿದವರೊಬ್ಬರು ಇದ್ದರು. ಸಂಯುತ್ತ ನಿಕಾಯದಲ್ಲಿ ಮೋಲಿಯ ಸೀವಕ ಎಂಬ ಪರಿವ್ರಾಜಕ ಬಂದು ಕೇಳುತ್ತಾನೆ: ಮನುಷ್ಯ ಅನುಭವಿಸುವ ಸುಖ ದುಃಖವೆಲ್ಲ ಹಿಂದೆ ಮಾಡಿದ ಕರ್ಮದಿಂದಲೇ ಎಂದು ಕೆಲವು ಶ್ರಮಣ ಬ್ರಾಹ್ಮಣರು ಹೇಳುತ್ತಾರೆ, ತಾವು ಏನು ಹೇಳುತ್ತೀರಿ ಎಂದು. ಬುದ್ಧರು ಎಂಟು ಕಾರಣ ಎಣಿಸುತ್ತಾರೆ. ಪಿತ್ತ, ಕಫ, ವಾತ, ಇವು ಮೂರೂ ಸೇರಿದ್ದು, ಋತುವಿನ ಬದಲಾವಣೆ, ದೇಹವನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಹೊರಗಿನಿಂದ ಬಿದ್ದ ಪೆಟ್ಟು. ಎಂಟನೆಯದಾಗಿ ಕರ್ಮ. ಎಲ್ಲವೂ ಕರ್ಮದಿಂದ ಎನ್ನುವವರು ತಾವೇ ಕಂಡು ತಿಳಿದದ್ದನ್ನೂ ಲೋಕ ನಿಜವೆಂದು ಒಪ್ಪಿದ್ದನ್ನೂ ಮೀರಿ ಮಾತಾಡುತ್ತಿದ್ದಾರೆ, ಅದು ಅವರ ತಪ್ಪು ತಿಳಿವಳಿಕೆ ಎನ್ನುವುದು ಅವರ ಉತ್ತರದ ಸಾರ.

ಆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಕಫ ಅಲ್ಲಿದೆ. ಹವಾಮಾನ ಅಲ್ಲಿದೆ. ಹೊರಗಿನಿಂದ ದೇಹದ ಮೇಲೆ ಬೀಳುವ ಪೆಟ್ಟು ಅಲ್ಲಿದೆ. ವೈದ್ಯರು ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಇವೇ ಅಲ್ಲವೇ? ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ' ಗ್ರಂಥದಲ್ಲಿ ಹಿಂದಿನ ಜನ್ಮದ ಕರ್ಮದ ಮಾತನ್ನು ಬಿಡದೆ ಪ್ರಶ್ನಿಸಿದ್ದು ಸುಮ್ಮನೆ ಅಲ್ಲ. ಬಡತನವೂ ರೋಗವೂ ನಿನ್ನದೇ ಹಳೆಯ ಪಾಪ ಎಂದುಬಿಟ್ಟರೆ, ಅದನ್ನು ತಂದವರನ್ನು ಯಾರೂ ಕೇಳುವ ಹಾಗಿಲ್ಲ. ಧೂಳು ಎಬ್ಬಿಸಿದವನು ಬಚಾವು.

ನಮ್ಮ ಮನೆಯ ಸಂಗತಿ ಹೇಳುತ್ತೇನೆ. ನನ್ನ ತಾತ, ಅಮ್ಮನ ತಂದೆ, ಮಾಲೂರು ಕಡೆ ಕಲ್ಲು ಒಡೆಯುತ್ತಿದ್ದವರು. ಚಾಣ, ಸುತ್ತಿಗೆ, ತಲೆಗೊಂದು ಟವೆಲ್, ಅಷ್ಟೇ. ಕೊನೆಯ ನಾಲ್ಕೈದು ವರ್ಷ ಬರೀ ಕೆಮ್ಮು. ಹತ್ತು ಹೆಜ್ಜೆ ನಡೆದು ನಿಲ್ಲುವರು. ನನಗೆ ಆಗ ಏಳೆಂಟು ವರ್ಷ. ಶಾಸ್ತ್ರ ಕೇಳಿಸಿದರು. ಎಲ್ಲೋ ಒಂದು ನಾಗರಕಲ್ಲನ್ನು ಒಡೆದಿದ್ದಾನೆ, ಅದರ ದೋಷ ಎಂದು ಬಂತು. ಕೋಳಿ ಹೋಯಿತು, ಕುರಿ ಹೋಯಿತು, ತಾತನೂ ಹೋದರು. ಕಲ್ಲು ಒಡೆದದ್ದರಿಂದಲೇ ಅವರು ಸತ್ತರು ಎಂಬುದು ನಿಜವೇ. ಆದರೆ ಅದು ನಾಗನ ಕಲ್ಲು ಆಗಬೇಕಿರಲಿಲ್ಲ. ಯಾವ ಕಲ್ಲಾದರೂ ಸಾಕಿತ್ತು.

ಇದನ್ನು ಅರ್ಥ ಮಾಡಿಕೊಳ್ಳಲು ನಾವು ದೂರ ಹೋಗಬೇಕಾಗಿಲ್ಲ, ಪಕ್ಕದ ಕೆ.ಜಿ.ಎಫ್.ಗೆ ಹೋದರೆ ಸಾಕು. ಕೆ.ಜಿ.ಎಫ್. ನಮಗೆ ತವರಿನ ಹಾಗೆ. ಪಂಡಿತ ಅಯೋತಿದಾಸರು 1898ರಲ್ಲಿ ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. ಮುಂದಿನ ಕೆಲವೇ ವರ್ಷಗಳಲ್ಲಿ ಅದರ ದೀಪ ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್‌ನ ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ ಹೊತ್ತಿಕೊಂಡಿತು. ನಾಗಪುರದ ದೀಕ್ಷೆ 1956ರಲ್ಲಿ. ಅದಕ್ಕೆ ನಲವತ್ತಕ್ಕೂ ಹೆಚ್ಚು ವರ್ಷ ಮೊದಲೇ ನಮ್ಮ ಜಿಲ್ಲೆಯ ಮಣ್ಣಿನಲ್ಲಿ ನಮ್ಮವರು ತಿಸರಣ ಹೇಳುತ್ತಿದ್ದರು. ಅಯೋತಿದಾಸರ ಪುಸ್ತಕಗಳನ್ನು ಅಚ್ಚು ಹಾಕಿಸಿದ ಸಿದ್ಧಾರ್ಥ ಪುಸ್ತಕಸಾಲೆ ಇದ್ದದ್ದು ಚಾಂಪಿಯನ್ ರೀಫ್ಸ್‌ನಲ್ಲಿ. ಇನ್ನೊಂದು ಮಾತು, ಅಯೋತಿದಾಸರು ವೃತ್ತಿಯಿಂದ ಸಿದ್ಧ ವೈದ್ಯರು. ನಾಡಿ ಹಿಡಿದು ಕಾರಣ ಹುಡುಕುವವರು.

ಅದೇ ಕೆ.ಜಿ.ಎಫ್.ನಲ್ಲಿ 1880ರಿಂದ ಜಾನ್ ಟೇಲರ್ ಕಂಪನಿ ಗಣಿ ನಡೆಸಿತು. 2001ರ ಫೆಬ್ರವರಿ 28ರಂದು ಮುಚ್ಚುವ ಹೊತ್ತಿಗೆ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಇಳಿದಿತ್ತು. ಅಲ್ಲಿ ಚಿನ್ನ ಇದ್ದದ್ದು ಬೆಣಚುಕಲ್ಲಿನ ಪದರಗಳಲ್ಲಿ. ಬೆಣಚುಕಲ್ಲು ಎಂದರೆ ಸಿಲಿಕಾ. ಅದನ್ನು ಕೊರೆದಾಗ, ಸಿಡಿಸಿದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವ ದಪ್ಪ ಕಣ ಮೂಗು ಗಂಟಲಲ್ಲೇ ನಿಲ್ಲುತ್ತದೆ. ಕಾಣದ ಸಣ್ಣ ಕಣ ನೇರ ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತದೆ. ಅದನ್ನು ತಿಂದು ಹಾಕಲು ಬರುವ ದೇಹದ ಕಾವಲು ಕೋಶಗಳೇ ಸಾಯುತ್ತವೆ. ಆ ಜಾಗದಲ್ಲಿ ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಕೆಲಸ ಬಿಟ್ಟ ಮೇಲೂ ಅದು ಬೆಳೆಯಬಹುದು. ಅಂಥ ಶ್ವಾಸಕೋಶಕ್ಕೆ ಟಿ.ಬಿ. ಬೇಗ ಹತ್ತುತ್ತದೆ. ಇದಕ್ಕೆ ಸಿಲಿಕೋಸಿಸ್ ಎಂದು ಹೆಸರು. ಆ ಕಲೆಯನ್ನು ಅಳಿಸುವ ಔಷಧಿ ಇವತ್ತಿಗೂ ಇಲ್ಲ.

ಭಾರತದಲ್ಲಿ ಈ ರೋಗ ಮೊದಲು ವರದಿಯಾದದ್ದು 1934ರಲ್ಲಿ, ನಮ್ಮ ಕೋಲಾರದ ಚಿನ್ನದ ಗಣಿಯಿಂದಲೇ. 1940ರಲ್ಲಿ ಮೈಸೂರು ಸಂಸ್ಥಾನ ಸಿಲಿಕೋಸಿಸ್ ನಿಯಮಗಳನ್ನು ತಂದಿತು. ಅಲ್ಲಿಂದ 1946ರವರೆಗೆ 7,653 ಕಾರ್ಮಿಕರನ್ನು ಪರೀಕ್ಷೆ ಮಾಡಿದರು. ನೂರಕ್ಕೆ ಸುಮಾರು 44 ಜನರಲ್ಲಿ ರೋಗ ಇತ್ತು. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು.

ಅಷ್ಟೂ ಜನ ಹಿಂದಿನ ಜನ್ಮದಲ್ಲಿ ಒಟ್ಟಿಗೆ ಒಂದೇ ಪಾಪ ಮಾಡಿ, ಒಟ್ಟಿಗೆ ಬಂದು ಒಂದೇ ಗಣಿಗೆ ಇಳಿದರೇ? ಈ ಪ್ರಶ್ನೆಯನ್ನು ನಾನು ಆ ನೆಂಟರಿಗೂ ಕೇಳಿದೆ. ಅವರು ನಕ್ಕರು, ಆಮೇಲೆ ಸುಮ್ಮನಾದರು. ಬಂಡೆಗೆ ನೀರು ಬಿಡುತ್ತಾ ಕೊರೆದರೆ ಧೂಳು ಏಳುವುದು ಎಷ್ಟೋ ಕಡಿಮೆಯಾಗುತ್ತದೆ. ನೀರು ಬಿಟ್ಟರೆ ಕಡಿಮೆಯಾಗುವ ಕರ್ಮ ಯಾವುದು ಹೇಳಿ!

ಗಣಿ ಮುಚ್ಚಿದೆ, ಆದರೆ ಧೂಳು ನಿಂತಿಲ್ಲ. ಕೆ.ಜಿ.ಎಫ್.ನ ಸೈನೈಡ್ ದಿಬ್ಬಗಳ ಮೇಲಿಂದ ಬೇಸಿಗೆಯ ಗಾಳಿಗೆ ಬಿಳಿ ಪುಡಿ ಮನೆಯೊಳಗೆ ಬರುವುದು ಅಲ್ಲಿನ ಬಂಧುಗಳಿಗೆ ಗೊತ್ತು. ಟೇಕಲ್ ಸುತ್ತಿನ ಕಲ್ಲು ಕೆಲಸ, ಶಿವಾರಪಟ್ಟಣದ ವಿಗ್ರಹ ಕೆತ್ತನೆ, ಮಾಲೂರಿನ ಇಟ್ಟಿಗೆ ಗೂಡು, ಹೆಂಚಿನ ಕಾರ್ಖಾನೆ, ಎಲ್ಲ ಕಡೆ ನಮ್ಮ ಜಿಲ್ಲೆಯ ಬಡವರ ಎದೆ ಇದೆ. ಮೂತಿಗೆ ಕರವಸ್ತ್ರ ಕಟ್ಟಿದರೆ ಆಯಿತು ಎಂದುಕೊಳ್ಳುತ್ತಾರೆ. ಆ ಸಣ್ಣ ಕಣವನ್ನು ಕರವಸ್ತ್ರ ತಡೆಯುವುದಿಲ್ಲ.

ಹೆಂಗಸರ ಎದೆಯ ವಿಷಯ ಯಾರೂ ಎತ್ತುವುದಿಲ್ಲ, ಅದಕ್ಕೆ ನಾನೇ ಎತ್ತುತ್ತೇನೆ. ನಮ್ಮ ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಹಳ್ಳಿಗಳಲ್ಲಿ ಸಿಲಿಂಡರ್ ಬಂದಿದೆ, ಸರಿ. ಅದು ಟೀಗೆ, ನೆಂಟರು ಬಂದಾಗಿನ ಅಡುಗೆಗೆ. ಮುದ್ದೆಗೂ ಸ್ನಾನದ ನೀರಿಗೂ ಇನ್ನೂ ಒಲೆಯೇ, ಉರಿಸುವುದು ಗುಡಿಸಿ ತಂದ ನೀಲಗಿರಿ ಸೊಪ್ಪು, ಮಾವಿನ ಪುಳ್ಳೆ. ಬೀಡಿ ಮುಟ್ಟದ ಅಜ್ಜಿಗೆ ಬೀಡಿ ಸೇದುವವನ ಎದೆ ಹೇಗೆ ಬಂತು ಎಂದು ಆಶ್ಚರ್ಯಪಡುತ್ತೇವೆ. ಐವತ್ತು ವರ್ಷ ಒಲೆ ಊದಿದ್ದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ವರ್ಷಕ್ಕೆ ಮೂರು ತಿಂಗಳು ಕಫದ ಕೆಮ್ಮು, ಹಾಗೆ ಎರಡು ವರ್ಷ ಸಾಲಾಗಿ ಬಂದರೆ ಅದನ್ನು ದೀರ್ಘಕಾಲದ ಬ್ರಾಂಕೈಟಿಸ್ ಎನ್ನುತ್ತಾರೆ. ಇದನ್ನು ಓದಿ ಎಷ್ಟೋ ಮನೆಗಳಲ್ಲಿ, ಇದು ನಮ್ಮ ಅತ್ತೆಯದೇ ಕಥೆ ಎನಿಸುತ್ತದೆ ಎಂದು ನನಗೆ ಗೊತ್ತು.

ಈಗ ನಾನು ಹೇಳಲೇಬೇಕು ಎಂದುಕೊಂಡ ಮಾತಿಗೆ ಬರುತ್ತೇನೆ.

ತಾತನಿಗೆ ಕೆಮ್ಮು ಹೆಚ್ಚಾದ ಮೇಲೆ ನಮ್ಮ ಮನೆಯಲ್ಲಿ ಅವರಿಗೆ ಒಂದು ಅಲ್ಯೂಮಿನಿಯಂ ಲೋಟ, ಒಂದು ತಟ್ಟೆ ಬೇರೆ ಇಟ್ಟರು. ಹಿತ್ತಲ ಬಾಗಿಲ ಪಕ್ಕ ಬೋರಲು ಹಾಕಿರುತ್ತಿದ್ದರು. ಅದನ್ನು ನಾವು ಮಕ್ಕಳು ಮುಟ್ಟುವ ಹಾಗಿರಲಿಲ್ಲ. ಅದೇ ತಾತ ಯೌವನದಲ್ಲಿ ಊರಿನ ಹೋಟೆಲಿನ ಹೊರಗೆ ನಮ್ಮವರಿಗೆಂದು ಬೇರೆ ಇಟ್ಟ ಲೋಟದಲ್ಲಿ ಟೀ ಕುಡಿದು, ತಾವೇ ತೊಳೆದು ಇಟ್ಟು ಬಂದವರು. ಹೊರಗೆ ಹೋಟೆಲಿನವನು ಇಟ್ಟ ಲೋಟ ಒಂದು. ಒಳಗೆ ನಾವೇ ಇಟ್ಟ ಲೋಟ ಇನ್ನೊಂದು.

ಟಿ.ಬಿ. ಲೋಟದಿಂದ ಹರಡುವುದಿಲ್ಲ, ತಟ್ಟೆಯಿಂದಲೂ ಹರಡುವುದಿಲ್ಲ. ಅದು ಗಾಳಿಯಿಂದ ಹರಡುವ ರೋಗ. ಬೇಕಾದದ್ದು ತೆರೆದ ಕಿಟಕಿ, ಕೆಮ್ಮುವಾಗ ಬಾಯಿಗೆ ಅಡ್ಡ ಬಟ್ಟೆ, ಬೇಗ ಪರೀಕ್ಷೆ, ಪೂರ್ತಿ ಔಷಧಿ. 1956ರಲ್ಲಿ ಮದರಾಸಿನಲ್ಲಿ ಶುರುವಾದ ಒಂದು ಪ್ರಸಿದ್ಧ ಅಧ್ಯಯನದಲ್ಲಿ, ಬಡವರ ಇಕ್ಕಟ್ಟಾದ ಮನೆಗಳಲ್ಲೇ ಇದ್ದು ಔಷಧಿ ತೆಗೆದುಕೊಂಡ ರೋಗಿಗಳು ಸ್ಯಾನಟೋರಿಯಂನಲ್ಲಿದ್ದವರಷ್ಟೇ ಚೆನ್ನಾಗಿ ಗುಣವಾದರು, ಮನೆಯವರಿಗೂ ಅದರಿಂದ ಹೆಚ್ಚಿನ ಅಪಾಯ ಆಗಲಿಲ್ಲ. ಸಿಲಿಕೋಸಿಸ್, ಬೀಡಿಯ ಎದೆ, ಒಲೆಯ ಎದೆ, ಕ್ಯಾನ್ಸರ್, ಇವಂತೂ ಅಂಟುವುದೇ ಇಲ್ಲ. ಮುಟ್ಟಬಾರದು ಎಂಬ ಮಾತು ನಮ್ಮ ಮೇಲೆ ಎಷ್ಟು ಶತಮಾನ ಕೂತಿತ್ತು ಎಂದು ಗೊತ್ತಿರುವ ನಾವು, ಅದನ್ನು ಮನೆಯೊಳಗಿನ ಕೆಮ್ಮುವವರ ಮೇಲೆ ಹೇರುವುದು ಎಂದರೆ ಏನು?

ವಿನಯದ ಮಹಾವಗ್ಗದಲ್ಲಿ ಬರುವ ಪ್ರಸಂಗ ನೆನಪಿಸಿಕೊಳ್ಳಿ. ಭೇದಿಯಿಂದ ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದ ಭಿಕ್ಖುವನ್ನು ಬುದ್ಧರೂ ಆನಂದರೂ ತಮ್ಮ ಕೈಯಾರೆ ತೊಳೆದು ಮಂಚದ ಮೇಲೆ ಮಲಗಿಸಿದರು. ಏಕೆ ಯಾರೂ ನೋಡಲಿಲ್ಲ ಎಂದು ಕೇಳಿದರೆ, ಅವನಿಂದ ಸಂಘಕ್ಕೆ ಏನೂ ಉಪಯೋಗವಿಲ್ಲ ಎಂಬ ಉತ್ತರ ಬಂತು. ಆಗ ಬುದ್ಧರು, ನಿಮಗೆ ತಂದೆ ತಾಯಿ ಇಲ್ಲಿಲ್ಲ, ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಇನ್ನು ಯಾರು ನೋಡಬೇಕು ಎಂಬರ್ಥದಲ್ಲಿ ಕೇಳುತ್ತಾರೆ. ಈ ಕಥೆಯನ್ನು ನಾವು ಹಲವು ಸಲ ಓದಿದ್ದೇವೆ. ಆದರೆ ಅದರ ಮುಂದಿನ ಭಾಗವನ್ನು ಅಷ್ಟಾಗಿ ಓದುವುದಿಲ್ಲ. ಆರೈಕೆ ಮಾಡುವವರು ಹೇಗಿರಬೇಕು, ರೋಗಿ ಹೇಗಿರಬೇಕು ಎಂದು ಅಲ್ಲಿ ಹೇಳಿದೆ. ಆರೈಕೆ ಮಾಡುವವರು ಯಾವುದಕ್ಕೆ ಹೇಸಬಾರದು ಎಂಬಲ್ಲಿ ಮಲ, ಮೂತ್ರ, ವಾಂತಿಯ ಜೊತೆ ಖೇಳ ಎಂಬ ಪದವೂ ಇದೆ. ಖೇಳ ಎಂದರೆ ಉಗುಳು. ಕಫದ ಬಟ್ಟಲನ್ನು ಎತ್ತಿ ತೊಳೆಯುವ ಸೊಸೆ, ಮಗ, ಮೊಮ್ಮಗಳು ಆ ಸಾಲಿನೊಳಗೆ ಇದ್ದಾರೆ.

ರೋಗಿಗೆ ಹೇಳಿದ್ದರಲ್ಲಿ ಎರಡು ಮಾತು ನನಗೆ ತಾಗಿತು. ಔಷಧಿ ತೆಗೆದುಕೊಳ್ಳಬೇಕು. ಮತ್ತೆ, ಕಾಯಿಲೆ ಇರುವುದನ್ನು ಇರುವಂತೆ ಹೇಳಬೇಕು, ಹೆಚ್ಚಾದರೆ ಹೆಚ್ಚಾಗಿದೆ, ಇಳಿದರೆ ಇಳಿದಿದೆ ಎಂದು. ನಮ್ಮಲ್ಲಿ ಇದು ಬಹಳ ಕಷ್ಟ. ಮಗಳ ಮದುವೆ ಇದೆ, ಕೆಮ್ಮು ಗೊತ್ತಾದರೆ ಸಂಬಂಧ ಮುರಿಯುತ್ತದೆ ಎಂದು ಮುಚ್ಚಿಡುತ್ತಾರೆ. ಕ್ವಾರಿಯಲ್ಲಿ ಕೆಲಸ ಹೋಗುತ್ತದೆ ಎಂದು ಮುಚ್ಚಿಡುತ್ತಾರೆ. ಆ ಭಯ ಸುಳ್ಳಲ್ಲ, ಕೆಲಸ ನಿಜವಾಗಿಯೂ ಹೋಗುತ್ತದೆ. ಅದಕ್ಕೇ ಒಬ್ಬೊಬ್ಬರೇ ಹೋಗಬಾರದು, ಬಳಗ ಜೊತೆಗೆ ಹೋಗಬೇಕು.

ನನ್ನ ವಿಷಯವನ್ನು ಇರುವಂತೆ ಹೇಳಿಬಿಡುತ್ತೇನೆ. ಕಫ ಪರೀಕ್ಷೆ ಆಗಿದೆ, ಟಿ.ಬಿ. ಕ್ರಿಮಿ ಕಾಣಲಿಲ್ಲ. ಕೊಳವೆಗೆ ಊದಿಸುವ ಸ್ಪೈರೋಮೆಟ್ರಿ ಆಗಿದೆ. ನನ್ನ ವಯಸ್ಸಿಗೆ ಇರಬೇಕಾದದ್ದಕ್ಕಿಂತ ಉಸಿರು ಸ್ವಲ್ಪ ಕಡಿಮೆ ಬರುತ್ತಿದೆ. ಎಕ್ಸ್‌ರೇಯಲ್ಲಿ ಬಲಗಡೆ ಮೇಲೆ ಒಂದು ಸಣ್ಣ ನೆರಳು ಇದೆ. ಹಳೆಯ ಸೋಂಕಿನ ಕಲೆ ಇರಬಹುದು, ಆದರೂ ನೋಡಿಯೇ ಬಿಡೋಣ ಎಂದು ಡಾಕ್ಟರು ಸಿ.ಟಿ. ಸ್ಕ್ಯಾನ್ ಬರೆದಿದ್ದಾರೆ. ಗುರುವಾರ ಹೋಗುತ್ತೇನೆ. ಏನು ಬರುತ್ತದೋ ಗೊತ್ತಿಲ್ಲ. ಭಯ ಇದೆ. ಆದರೆ ಯಾವ ಜನ್ಮದ್ದು ಎಂಬ ಭಯ ಇಲ್ಲ. ಅಷ್ಟು ಭಾರ ಕಡಿಮೆಯಾದದ್ದೇ ದೊಡ್ಡದು.

ಹೀಗೆ ಕುಯ್ ಕುಯ್ ಎನ್ನುವ ಎದೆ ಇಟ್ಟುಕೊಂಡು ಆನಾಪಾನಸತಿ ಹೇಗೆ ಮಾಡುತ್ತೀರಿ ಎಂದು ಬಳಗದ ಸೋದರಿಯೊಬ್ಬರು ಕೇಳಿದ್ದರು. ಗಿರಿಮಾನಂದರಿಗೆ ಹೇಳಿಕಳಿಸಿದ ಹತ್ತರಲ್ಲಿ ಕೊನೆಯದು ಅದೇ. ನಾನು ಗಮನಿಸಿದ್ದು ಇಷ್ಟು: ಉಸಿರು ಉದ್ದವಾಗಿದ್ದರೆ ಉದ್ದ, ಮೋಟಾಗಿದ್ದರೆ ಮೋಟು ಎಂದು ತಿಳಿಯುವುದೇ ಅಲ್ಲಿ ಆರಂಭ. ಮೋಟಾದದ್ದನ್ನು ಎಳೆದು ಉದ್ದ ಮಾಡು ಎಂದಿಲ್ಲ. ನಾನು ಗೋಡೆಗೆ ಒರಗಿ ಕೂರುತ್ತೇನೆ. ಕೆಮ್ಮು ಬಂದರೆ ಕೆಮ್ಮುತ್ತೇನೆ, ನೀರು ಕುಡಿಯುತ್ತೇನೆ, ಮತ್ತೆ ಕೂರುತ್ತೇನೆ. ಧ್ಯಾನದಿಂದ ಶ್ವಾಸಕೋಶದ ನೆರಳು ಹೋಗುತ್ತದೆ ಎಂದು ಯಾರಾದರೂ ಫಾರ್ವರ್ಡ್ ಕಳಿಸಿದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಬುದ್ಧರಿಗೇ ಜೀವಕ ಎಂಬ ವೈದ್ಯ ಇದ್ದ, ಕೊಟ್ಟ ಔಷಧಿಯನ್ನು ಅವರು ತೆಗೆದುಕೊಂಡರು.

ಎರಡು ವಾರ ದಾಟಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ಟಿ.ಬಿ. ಬಂದರೆ ಔಷಧಿ ಉಚಿತ, ಚಿಕಿತ್ಸೆ ನಡೆಯುವಷ್ಟು ಕಾಲ ತಿಂಗಳಿಗೆ 1,000 ರೂಪಾಯಿ ಪೌಷ್ಟಿಕ ಆಹಾರಕ್ಕೆಂದು ಖಾತೆಗೆ ಬರಬೇಕು, 2024ರ ನವೆಂಬರಿನಿಂದ ಅದನ್ನು 500ರಿಂದ ಏರಿಸಿದ್ದಾರೆ. ಕಫದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ಧ್ವನಿ ಒಡೆದು ವಾರಗಟ್ಟಲೆ ಸರಿಯಾಗದಿದ್ದರೆ ಎರಡು ವಾರವನ್ನೂ ಕಾಯಬೇಡಿ. ಡಾಕ್ಟರ ಹತ್ತಿರ ಹೋದಾಗ ಅವರು ಕೇಳದಿದ್ದರೂ ನೀವೇ ಹೇಳಿ: ಎಷ್ಟು ವರ್ಷ ಕಲ್ಲು, ಎಷ್ಟು ವರ್ಷ ಗೂಡು, ಎಷ್ಟು ವರ್ಷ ಒಲೆ. ಸಿಲಿಕೋಸಿಸ್ ಎಕ್ಸ್‌ರೇಯಲ್ಲಿ ಟಿ.ಬಿ. ಹಾಗೆಯೇ ಕಾಣಬಹುದು, ಏನು ಕೆಲಸ ಮಾಡಿದ್ದಿರಿ ಎಂದು ಗೊತ್ತಾಗದಿದ್ದರೆ ಅದರ ಹೆಸರು ಚೀಟಿಯಲ್ಲಿ ಬರುವುದೇ ಇಲ್ಲ.

ಈ ಭಾನುವಾರ ಕೋಲಾರದಲ್ಲಿ ವಂದನೆ ಎಂದಿನಂತೆ ಬೆಳಿಗ್ಗೆ ಹತ್ತಕ್ಕೆ. ಮುಳಬಾಗಿಲಿನವರು, ಶ್ರೀನಿವಾಸಪುರದವರು ಒಂದೇ ಗಾಡಿ ಮಾಡಿಕೊಂಡು ಬಂದರೆ ಖರ್ಚು ಕಡಿಮೆ. ಬರುವಾಗ ನಿಮ್ಮ ಮನೆಯಲ್ಲಿ ಕೆಮ್ಮುವ ಹಿರಿಯರು ಎಲ್ಲಿ, ಏನು ಕೆಲಸ, ಯಾವ ವರ್ಷದಿಂದ ಯಾವ ವರ್ಷದವರೆಗೆ ಮಾಡಿದರು ಎಂದು ಒಂದು ಹಾಳೆಯಲ್ಲಿ ಬರೆದು ತನ್ನಿ. ಹಳೆಯ ಎಕ್ಸ್‌ರೇ ಇದ್ದರೆ ಅದನ್ನೂ ತನ್ನಿ, ಮಡಚಬೇಡಿ. ಬರೆಯಲು ಬಾರದವರದ್ದನ್ನು ನಾನು ಕೂತು ಬರೆದುಕೊಳ್ಳುತ್ತೇನೆ, ಗುರುವಾರ ಏನೇ ಬಂದರೂ ಭಾನುವಾರ ನಾನು ಇರುತ್ತೇನೆ. ಟೀ ವ್ಯವಸ್ಥೆ ಮಾಲೂರಿನವರದ್ದು. ಲೋಟಗಳು ಎಲ್ಲರಿಗೂ ಒಂದೇ ಬುಟ್ಟಿಯಲ್ಲಿ.

ಜೈ ಭೀಮ್. ನಮೋ ಬುದ್ಧಾಯ.